ಬೇಕು ಎಂದು ಬರೆಯುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನಲ್ಲಿ ಕೊಡುವವರಿಗೆ ಬರ ಇಲ್ಲ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ಪೇಟೆಗೆ ಹೋದರೂ ಒಂದು ಯುವಕ ಮಂಡಲ, ಒಂದು ಫ್ರೆಂಡ್ಸ್ ಕ್ಲಬ್, ಭಜನಾ ಮಂದಿರದ ಸಮಿತಿ, ಮಸೀದಿಯ ಜಮಾಅತ್ ಇದ್ದೇ ಇರುತ್ತದೆ. ದುಬೈ, ಅಬುಧಾಬಿಯಲ್ಲಿ ಇದ್ದುಕೊಂಡೇ ಊರಿನವರ ಆಪರೇಷನ್ನಿಗೆ ದುಡ್ಡು ಕೂಡಿಸುವವರಿದ್ದಾರೆ. ಆದರೂ ಒಂದು ಮನೆಗೆ ಒಂದೇ ತಿಂಗಳಲ್ಲಿ ಎರಡು ಮೂರು ಅಕ್ಕಿ ಕಿಟ್ ಬರುತ್ತದೆ. ಅದೇ ಹೊತ್ತಿಗೆ ಗುಡ್ಡದ ಮೇಲಿನ ಇನ್ನೊಂದು ಮನೆಯಲ್ಲಿ ಮಲಗಿದಲ್ಲೇ ಇರುವ ಮಗನಿಗೆ ಡಯಾಪರ್ ಇಲ್ಲ. ಕೊಡುವ ಮನಸ್ಸಿಗೂ ಬೇಕಾದ ಮನೆಗೂ ನಡುವೆ ಎಲ್ಲೋ ದಾರಿ ತಪ್ಪುತ್ತದೆ.

ಈ ದಾರಿಯನ್ನು ಮೊಬೈಲಿನಲ್ಲೇ ಸರಿ ಮಾಡುತ್ತೇವೆ ಎಂದು ಈಗ ಅನೇಕ ವೇದಿಕೆಗಳು ಬಂದಿವೆ. ಒಂದು ಕಡೆ ಸೇವಾ ಸಂಸ್ಥೆಗಳು, ಇನ್ನೊಂದು ಕಡೆ ನೆರವು ಬೇಕಾದ ಊರುಗಳು. ಬೇಕಾದ್ದನ್ನು ಇಲ್ಲಿ ಬರೆದರೆ ಅಲ್ಲಿ ಕಾಣುತ್ತದೆ. ಕೊಡಬಲ್ಲವರು ಒಪ್ಪುತ್ತಾರೆ, ಸಾಮಾನು ತಲುಪುತ್ತದೆ, ಲೆಕ್ಕ ಎಲ್ಲರಿಗೂ ಕಾಣುತ್ತದೆ. ಕೇಳಲಿಕ್ಕೆ ಬಹಳ ಚೆನ್ನಾಗಿದೆ, ಅಲ್ವಾ? ನಾನು ಇದಕ್ಕೆ ವಿರೋಧಿಯಲ್ಲ. ವಾಟ್ಸಾಪಿನಲ್ಲಿ ತಾರೀಕಿಲ್ಲದೆ ವರ್ಷಗಟ್ಟಲೆ ಸುತ್ತುವ 'ದಯವಿಟ್ಟು ಸಹಾಯ ಮಾಡಿ' ಮೆಸೇಜಿಗಿಂತ ಇದು ಎಷ್ಟೋ ಮೇಲು. ಆದರೆ ಇಂಥ ವೇದಿಕೆಯ ಬಗ್ಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಬೇಕು ಎಂದು ಅದರಲ್ಲಿ ಬರೆಯುವವರು ಯಾರು?

ಕೊಡುವವರ ಪಟ್ಟಿ ಸಿಗುವುದು ಕಷ್ಟವಲ್ಲ. ನೀತಿ ಆಯೋಗದ 'ದರ್ಪಣ್' ಎಂಬ ಪೋರ್ಟಲಿನಲ್ಲಿ ದೇಶದ ಸೇವಾ ಸಂಸ್ಥೆಗಳ ಹೆಸರು, ವಿಳಾಸ, ಕೆಲಸದ ಕ್ಷೇತ್ರ ಎಲ್ಲ ಸಿಗುತ್ತದೆ. ಕಂಪನಿಗಳ ದುಡ್ಡಿಗೂ ಕಾನೂನು ಇದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್ ಎನ್ನುವುದು ಇದನ್ನೇ. ಕೇಳುವವರ ಕಡೆ ಮಾತ್ರ ಎಲ್ಲ ಮಸುಕು. ಅಲ್ಲಿ ಕೊಡುವವರೇ ಮಾಡಿಟ್ಟ ಒಂದು ಮೆನು ಇರುತ್ತದೆ. ಅಕ್ಕಿ ಕಿಟ್, ಶಾಲೆ ಬ್ಯಾಗು, ವೀಲ್‌ಚೇರ್, ಬೋರ್‌ವೆಲ್. ಇದರಲ್ಲಿ ಒಂದನ್ನು ಒತ್ತಿ.

ಪಡ್ರೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಮನೆಗಳನ್ನು ನೋಡಿದವರಿಗೆ ಗೊತ್ತು. ರಸ್ತೆಯಿಂದ ಇಳಿದು ಮುರಕಲ್ಲಿನ ಮೆಟ್ಟಿಲು ಹತ್ತಬೇಕು, ತೋಡು ದಾಟಬೇಕು, ಅಡಿಕೆ ತೋಟದೊಳಗೆ ಒಂದು ಕಾಲುದಾರಿ. ಅಂಥ ಮನೆಗೆ ವೀಲ್‌ಚೇರ್ ಕೊಟ್ಟರೆ ಅದು ಚಾವಡಿಯಲ್ಲಿ ಬಟ್ಟೆ ಒಣಗಿಸಲಿಕ್ಕೆ ಆಗುತ್ತದೆ. ಅವರಿಗೆ ಬೇಕಾಗಿದ್ದದ್ದು ಮೆಟ್ಟಿಲು ತೆಗೆದು ಇಳಿಜಾರು ಮಾಡಿಸುವುದು, ಇಲ್ಲವೇ ಆಸ್ಪತ್ರೆಗೆ ಹೋಗುವ ದಿನ ಜೀಪಿನ ಬಾಡಿಗೆ. ನೀರಿನದೂ ಹಾಗೆಯೇ. ನಮ್ಮಲ್ಲಿ ಗುಡ್ಡಕ್ಕೆ ಅಡ್ಡಡ್ಡ ಕೊರೆದ ಸುರಂಗಗಳಿವೆ, ಪಂಪು ಕರೆಂಟು ಯಾವುದೂ ಇಲ್ಲದೆ ಅದರಲ್ಲಿ ನೀರು ಹರಿದು ಬರುತ್ತದೆ. ಕುಸಿದ ಸುರಂಗದ ಮಣ್ಣು ತೆಗೆಸಿ ಎಂದು ಕೇಳಲಿಕ್ಕೆ ಮೆನುವಿನಲ್ಲಿ ಜಾಗ ಇಲ್ಲ. ಬೋರ್‌ವೆಲ್ ಇದೆ. ಹಾಗಾಗಿ ಬೋರ್‌ವೆಲ್ಲೇ ಬರುತ್ತದೆ, ಅದರ ಮೇಲೆ ಕೊಟ್ಟವರ ಹೆಸರಿನ ಬೋರ್ಡು ಸಮೇತ.

ಪಟ್ಟಿ ಎಂದರೆ ಏನು ಎಂದು ನಮ್ಮ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ವಾಣಿನಗರದ ಡಾಕ್ಟರ್ ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಏನೋ ಸರಿಯಿಲ್ಲ ಎಂದು ಗಮನಿಸಿದರು, ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ಆಮೇಲೆ ಸಂತ್ರಸ್ತರ ಪಟ್ಟಿ ಮಾಡಲಿಕ್ಕೆ ವೈದ್ಯಕೀಯ ಶಿಬಿರಗಳು ನಡೆದವು. 6,000ಕ್ಕೂ ಜಾಸ್ತಿ ಹೆಸರು ಸೇರಿತು. ಬಿಟ್ಟು ಹೋದವರು, ಸೇರಿಸಿ ಆಮೇಲೆ ತೆಗೆದುಹಾಕಲ್ಪಟ್ಟವರು ವರ್ಷಗಟ್ಟಲೆ ಧರಣಿ ಕೂತರು. ಪಟ್ಟಿಯಲ್ಲಿ ಇದ್ದವರ ಕಥೆ ಕೇಳಿ. ಮೂರು ತಿಂಗಳೊಳಗೆ ಒಬ್ಬೊಬ್ಬರಿಗೆ 5 ಲಕ್ಷ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು. 2022ರಲ್ಲಿ ಅದೇ ಕೋರ್ಟು, ಯಾಕೆ ಇನ್ನೂ ಕೊಟ್ಟಿಲ್ಲ ಎಂದು ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಹೆಸರು ಬರೆದುಕೊಂಡು ಹೋದವರು ಮತ್ತೆ ಬರಲಿಲ್ಲ ಎಂಬ ಮಾತು ಇಲ್ಲಿಯ ಅಮ್ಮಂದಿರ ಬಾಯಲ್ಲಿ ಸುಮ್ನೆ ಬಂದದ್ದಲ್ಲ. ಈಗ ಯಾರೋ ಫೋನು ಹಿಡಿದುಕೊಂಡು ಬಂದು, ಅಮ್ಮ, ನಿಮ್ಮ ಹೆಸರು ಹಾಕುತ್ತೇನೆ ಎಂದರೆ ಅವರು ಯಾಕೆ ನಂಬಬೇಕು?

ಅವರು ನಂಬುವವರು ಬೇರೆ ಇದ್ದಾರೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು, ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು, ಹಾಸಿಗೆ ಹಿಡಿದವರ ಮನೆಗೆ ಬರುವ ಪಾಲಿಯೇಟಿವ್ ನರ್ಸು, ಪೆರ್ಲದಂಥ ಕಡೆ ಇರುವ, ವಿಶೇಷ ಅಗತ್ಯದ ಮಕ್ಕಳ ಬಡ್ಸ್ ಶಾಲೆಯ ಟೀಚರು. ಮನೆಯವರು ಬಾಯಲ್ಲಿ ಹೇಳಿದ್ದನ್ನು ಹೇಳಿದ ಹಾಗೆಯೇ ಇವರು ಬರೆದು ಕಳುಹಿಸಲಿ. ಆ ಕೆಲಸಕ್ಕೆ ಇವರಿಗೆ ಸಂಬಳವೂ ಸಿಗಲಿ. ಆಶಾ ಕಾರ್ಯಕರ್ತೆಯ ತಲೆ ಮೇಲೆ ಈಗಾಗಲೇ ಎಷ್ಟು ಆ್ಯಪ್ ಇದೆ ಎಂದು ಅವರನ್ನೇ ಕೇಳಿ ನೋಡಿ!

ಇನ್ನು ಭಾಷೆ. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿದವರು ನಾವು. ಅರ್ಜಿ ಮಲಯಾಳದಲ್ಲಿ ಬರುತ್ತದೆ, ಆ್ಯಪ್ ಇಂಗ್ಲಿಷಿನಲ್ಲಿ ಬರುತ್ತದೆ, ಕನ್ನಡ ಮಾತ್ರ ಓದಬಲ್ಲ ಅಜ್ಜಿ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರದ ಮುಂದೆ ಕಾಯುತ್ತಾರೆ. ಕೊಚ್ಚಿಯಲ್ಲಿ ವೇದಿಕೆ ಕಟ್ಟುವವರು ಕೇರಳ ಎಂದರೆ ಮಲಯಾಳ ಸಾಕು ಅಂದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಕಟ್ಟುವವರ ಕನ್ನಡ ಆವೃತ್ತಿಯಲ್ಲಿ ಜಿಲ್ಲೆಯ ಪಟ್ಟಿ ಕರ್ನಾಟಕದ್ದು ಮಾತ್ರ ಇದ್ದರೆ ಕಾಸರಗೋಡು ಅಲ್ಲೂ ಇಲ್ಲ. ಮಾತಾಡಿದ್ದನ್ನು ಬರಹ ಮಾಡುವ ತಂತ್ರಜ್ಞಾನ ಬಂದಿದೆ, ಕೇಂದ್ರ ಸರ್ಕಾರದ 'ಭಾಷಿಣಿ' 2022ರಲ್ಲೇ ಶುರುವಾಗಿದೆ. ಒಳ್ಳೆಯದೇ. ಆದರೆ ನಮ್ಮ ಅಜ್ಜಿ ಕನ್ನಡದಲ್ಲಿ ಶುರು ಮಾಡಿ, ನಡುವೆ ಒಂದು ಮಲಯಾಳ ಶಬ್ದ ಹಾಕಿ, ತುಳುವಿನಲ್ಲಿ ಮುಗಿಸಿದರೆ ಯಂತ್ರ ಏನು ಮಾಡುತ್ತದೋ!

ಗಡಿಯ ತೊಂದರೆ ಇಷ್ಟಕ್ಕೇ ಮುಗಿಯುವುದಿಲ್ಲ. ರೋಗಿಯ ಮನೆ ಕೇರಳದಲ್ಲಿ, ಆಸ್ಪತ್ರೆ ಮಂಗಳೂರಿನಲ್ಲಿ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ರಾಜ್ಯ ಗಡಿ ಮುಚ್ಚಿದಾಗ ಆಂಬುಲೆನ್ಸ್ ಗೇಟಿನಲ್ಲಿ ನಿಂತದ್ದು, ದಾರಿ ಸಿಗದೆ ಜೀವ ಹೋದದ್ದು ನಮಗೆಲ್ಲ ನೆನಪಿದೆ. ವೇದಿಕೆ ರಾಜ್ಯ ನೋಡಿ ಜೋಡಿಸಿದರೆ ಬದಿಯಡ್ಕದ ರೋಗಿಗೆ ಎರ್ನಾಕುಳದ ಸಂಸ್ಥೆ ಸಿಗುತ್ತದೆ. ಆಸ್ಪತ್ರೆಯ ಹತ್ತಿರವೇ ಇರುವ ಮಂಗಳೂರಿನ ಸಂಸ್ಥೆಗೆ ಆ ಹೆಸರು ಕಾಣುವುದೇ ಇಲ್ಲ. ರಾಜ್ಯ ಬಿಟ್ಟು ದೂರ ನೋಡಿ ಜೋಡಿಸಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನೂ ಅಲ್ಲ.

ಫೋಟೋದ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಎಂಡೋಸಲ್ಫಾನಿನ ಕಾಲದಲ್ಲಿ ನಮ್ಮ ಮಕ್ಕಳ ಫೋಟೋಗಳು ಪ್ರಪಂಚವೆಲ್ಲ ಸುತ್ತಿದವು. ಆಗ ಅದರಿಂದ ಉಪಯೋಗವೂ ಆಯಿತು, ಒಪ್ಪುತ್ತೇನೆ. ಆ ಮಕ್ಕಳಲ್ಲಿ ಕೆಲವರು ಈಗ ಇಲ್ಲ, ಫೋಟೋ ಇನ್ನೂ ಇದೆ. ಒಂದು ವಾಟರ್‌ಬೆಡ್ಡಿಗೋಸ್ಕರ ಮಗುವಿನ ಮುಖ ತೋರಿಸಬೇಕೇ? ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾನೂನು ಬಂದಿದೆ, ಹಂತ ಹಂತವಾಗಿ ಜಾರಿಯಾಗುತ್ತಿದೆ. ಒಪ್ಪಿಗೆ ಕೇಳುವ ನೋಟೀಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು ಎಂದು ಅದರಲ್ಲಿದೆ. ಕನ್ನಡ ಆ ಪಟ್ಟಿಯಲ್ಲಿದೆ. ನೀವು ಯಾವ ರಾಜ್ಯದಲ್ಲಿ ಇದ್ದೀರಿ ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. 18 ತುಂಬದ ಮಕ್ಕಳ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕೇ ಬೇಕು. ಇದನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಲಿಕ್ಕೆ ನಾಚಿಕೆ ಬೇಡ.

2018ರ ಪ್ರವಾಹದಲ್ಲಿ ಕೇರಳ ಸರ್ಕಾರದ ಐಟಿ ಮಿಷನ್ ಮತ್ತು ಸ್ವಯಂಸೇವಕ ಹುಡುಗ ಹುಡುಗಿಯರು ಸೇರಿ 'ಕೇರಳ ರೆಸ್ಕ್ಯೂ' ಎಂಬ ಪೋರ್ಟಲನ್ನು ಎದ್ದು ನಿಲ್ಲಿಸಿದರು. ಎಲ್ಲಿ ಯಾರು ಸಿಕ್ಕಿಬಿದ್ದಿದ್ದಾರೆ ಎಂದು ಅದರಿಂದ ತಿಳಿಯಿತು, ಎಷ್ಟೋ ಜೀವ ಉಳಿಯಿತು. ಆಗ ಬಂದ ಒಂದು ತಲೆನೋವು, ಜನರನ್ನು ದಡ ಸೇರಿಸಿದ ಮೇಲೂ ಅದೇ ಮೊರೆ ಮೊಬೈಲಿನಿಂದ ಮೊಬೈಲಿಗೆ ತಿರುಗುತ್ತಲೇ ಇದ್ದದ್ದು. ಬೇಡಿಕೆ ಹಾಕುವುದು ಎಷ್ಟು ಮುಖ್ಯವೋ ಮುಗಿಯಿತು ಎಂದು ಮುಚ್ಚುವುದೂ ಅಷ್ಟೇ ಮುಖ್ಯ. ಮುಚ್ಚುವ ಬಟನ್ನು ಸಾಮಾನು ಕೊಟ್ಟವರ ಕೈಯಲ್ಲಿ ಇರಬಾರದು. ಪಡೆದ ಮನೆಯವರಿಗೆ ಒಂದು ಕರೆ ಹೋಗಲಿ, ಬಂತು, ಸರಿಯಾಗಿದೆ ಎಂದು ಅವರು ಹೇಳಿದ ಮೇಲೆ ಮುಚ್ಚಲಿ.

ಕ್ಲಬ್ಬಿನವರಿಗೆ ಒಂದೆರಡು ಮಾತು. ಇಂಥ ವೇದಿಕೆಗೆ ಸೇರುವ ಮೊದಲು ನೋಂದಣಿ, ಪ್ಯಾನ್, ಕ್ಲಬ್ಬಿನ ಹೆಸರಿನ ಬ್ಯಾಂಕ್ ಖಾತೆ ಸರಿ ಇರಲಿ. ಕಾರ್ಯದರ್ಶಿಯ ಗೂಗಲ್ ಪೇ ನಂಬರು ಸಾಲದು. ಕಂಪನಿಯ ಸಿಎಸ್‌ಆರ್ ದುಡ್ಡಿನಲ್ಲಿ ನೀವೇ ಕೆಲಸ ನಡೆಸುವುದಾದರೆ 2021ರ ಏಪ್ರಿಲಿನಿಂದ ಸಿಎಸ್‌ಆರ್-1 ಎಂಬ ನೋಂದಣಿ ಕಡ್ಡಾಯ. ಗಲ್ಫಿನ ದುಡ್ಡಿನ ವಿಷಯದಲ್ಲಿ ತುಂಬಾ ಜನರಿಗೆ ಗೊಂದಲ ಇದೆ. ಭಾರತದ ಪಾಸ್‌ಪೋರ್ಟ್ ಇರುವ ನಮ್ಮ ಅಣ್ಣನೋ ಬಾವನೋ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲೇ ನೋಂದಣಿಯಾದ ಸಂಘ ಕಳುಹಿಸಿದರೆ ಅದು ವಿದೇಶಿ ದೇಣಿಗೆ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆಯ ಕಾನೂನಿನ ಪ್ರಕಾರ ಅನುಮತಿ ಬೇಕು. ಸಂಘದ ಸದಸ್ಯರೆಲ್ಲ ನಮ್ಮೂರಿನವರೇ ಆಗಿದ್ದರೂ ಬೇಕು. ಮುಂದಿನ ಮಹಾಸಭೆಗೆ ಮೊದಲು ಖಜಾಂಚಿಯವರು ಒಬ್ಬ ಆಡಿಟರ ಹತ್ತಿರ ಈ ವಿಷಯ ಕೇಳಿಟ್ಟುಕೊಳ್ಳಲಿ.

ನಮಸ್ಕಾರ.