ಫ್ಯಾನ್ ತಿರುಗುತ್ತದೆ, ಗಾಳಿ ಇಲ್ಲ

ನಮಸ್ಕಾರ ಕೇಳುಗರೇ.

ಯುಗಾದಿ ಮುಗಿದರೆ ಸಾಕು, ರಾಯಚೂರಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಒಂದೇ ಮಾತು. ‘ಅಣ್ಣಾ, ಫ್ಯಾನ್ ತಿರುಗ್ತದ, ಗಾಳಿ ಬರವಲ್ದು.’ ಅಂಗಡಿಯವನು ‘ವೈಂಡಿಂಗ್ ಹೋಗಿರಬೇಕು’ ಅಂದರೆ ನಾವೂ ತಲೆ ಆಡಿಸಿ ಬರುತ್ತೇವೆ. ಆದರೆ ಹಾಗೆ ಬಂದ ಫ್ಯಾನ್‌ಗಳಲ್ಲಿ ನಿಜವಾಗಿ ವೈಂಡಿಂಗ್, ಅಂದರೆ ಮೋಟಾರಿನೊಳಗೆ ಸುತ್ತಿದ ತಂತಿ, ಸುಟ್ಟಿರುವುದು ಕಡಿಮೆ. ಸುಟ್ಟಿದ್ದರೆ ವಾಸನೆಯೇ ಹೇಳುತ್ತದೆ. ಉಳಿದ ಕಾಯಿಲೆಗಳನ್ನು ನೀವು ಮನೆಯಲ್ಲೇ, ಮಂಚದ ಮೇಲೆ ಮಲಗಿಕೊಂಡೇ ಅರ್ಧಕ್ಕರ್ಧ ಕಂಡುಹಿಡಿಯಬಹುದು.

ಮೊದಲು ಇಷ್ಟು ನೋಡಿ. ಮನೆಯ ಎಲ್ಲ ಫ್ಯಾನ್‌ಗಳೂ ನಿಧಾನವೋ, ಒಂದೇ ನಿಧಾನವೋ? ಎಲ್ಲವೂ ನಿಧಾನ ಅಂದರೆ ತಪ್ಪು ಫ್ಯಾನಿನದಲ್ಲ, ವೋಲ್ಟೇಜ್ ಬಿದ್ದಿದೆ. ಬೇಸಿಗೆ ಸಂಜೆ ಓಣಿಯಲ್ಲಿ ಎಲ್ಲರೂ ಕೂಲರ್ ಹಾಕಿದಾಗ ಹೀಗೇ ಆಗುವುದು. ಶಕ್ತಿನಗರದಲ್ಲಿ ಎಷ್ಟು ಕರೆಂಟ್ ತಯಾರಾದರೂ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಹೊರುವಷ್ಟೇ ಹೊರುತ್ತದೆ, ಅಲ್ವಾ? ರಾತ್ರಿ ಹನ್ನೆರಡರ ಮೇಲೆ ಫ್ಯಾನ್ ತಾನಾಗಿ ಜೋರಾದರೆ ಮೆಕ್ಯಾನಿಕ್‌ನನ್ನು ಕರೆಯಬೇಡಿ.

ಒಂದೇ ಫ್ಯಾನ್ ನಿಧಾನವಾಗಿದ್ದು, ಸ್ವಿಚ್ ಹಾಕಿದಾಗ ತಾನಾಗಿ ತಿರುಗದೆ, ಕಸಬರಿಗೆ ಹಿಡಿಯಿಂದ ತಳ್ಳಿದ ಮೇಲೆ ತಿರುಗಿದರೆ, ಅದು ಬಹುತೇಕ ಕಪ್ಯಾಸಿಟರ್. ಜನ ಇದನ್ನು ಕಂಡೆನ್ಸರ್ ಅಂತಲೂ ಕರೆಯುತ್ತಾರೆ. ಫ್ಯಾನಿನೊಳಗೆ ಎರಡು ವೈಂಡಿಂಗ್ ಇರುತ್ತವೆ. ಒಂದು ಓಡಿಸುವುದು, ಇನ್ನೊಂದು ಎಬ್ಬಿಸುವುದು. ಎಬ್ಬಿಸುವ ವೈಂಡಿಂಗ್‌ಗೆ ಕರೆಂಟ್ ಹೋಗುವುದು ಕಪ್ಯಾಸಿಟರ್ ಮೂಲಕ. ಹೆಚ್ಚಿನ ಫ್ಯಾನ್‌ಗಳಲ್ಲಿ ಕಪ್ಯಾಸಿಟರ್‌ನ ಅಳತೆ 2.5 ಮೈಕ್ರೋಫ್ಯಾರಡ್, ಕೆಲವದರಲ್ಲಿ 3.15. ಅದರ ಮೈಮೇಲೇ ಬರೆದಿರುತ್ತದೆ. ವರ್ಷ ಕಳೆದಂತೆ ಅದರ ಶಕ್ತಿ ಇಳಿಯುತ್ತದೆ, ಬಿಸಿಲು ನಾಡಿನಲ್ಲಿ ಇನ್ನೂ ಬೇಗ. ಯಾಕೆಂದರೆ ಎಷ್ಟೋ ಫ್ಯಾನ್‌ಗಳಲ್ಲಿ ಅದು ಕೂತಿರುವುದು ಕೊಕ್ಕೆಯನ್ನು ಮುಚ್ಚುವ ಮೇಲಿನ ಕಪ್‌ ಒಳಗೆ, ಕಾದ ಸ್ಲಾಬಿಗೆ ಅಂಟಿಕೊಂಡು. ಕೆಳಗೆ ನಮಗೇ ತಡೆಯಲಾಗದ ಝಳ, ಮೇಲೆ ಅದರ ಗತಿ ಏನು?

ಬದಲಾಯಿಸುವಾಗ ಅದೇ ಅಳತೆಯದನ್ನೇ ತನ್ನಿ. ‘ದೊಡ್ಡದು ಹಾಕಿದರೆ ಗಾಳಿ ಜಾಸ್ತಿ’ ಅನ್ನುವ ಮಾತು ಕೇಳಬೇಡಿ, ವೈಂಡಿಂಗ್ ಕಾದು ಆಮೇಲೆ ನಿಜವಾಗಿಯೂ ಸುಡುತ್ತದೆ. ಬಿಚ್ಚುವ ಮುಂಚೆ ವೈರ್‌ಗಳ ಫೋಟೋ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ವೈರ್ ಅದಲು ಬದಲಾದರೆ ಫ್ಯಾನ್ ಉಲ್ಟಾ ತಿರುಗಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ನಮ್ಮಲ್ಲಿ ಸಿಗುವ ಸಾಮಾನ್ಯ ಫ್ಯಾನ್ ಕೆಳಗೆ ನಿಂತು ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಬೇಕು. ‘ರಿಪೇರಿ ಆದ ಮೇಲೆ ಗಾಳಿನೇ ಇಲ್ಲ’ ಅನ್ನುವವರು ಇದನ್ನೊಮ್ಮೆ ನೋಡಿ.

ಇನ್ನು ಜೋರು ಕೊಟ್ಟಾಗ ಸರಿ, ಎರಡರಲ್ಲೋ ಮೂರರಲ್ಲೋ ಇಟ್ಟಾಗ ಮಾತ್ರ ನಿಂತುಬಿಡುತ್ತದೆ ಅಂದರೆ ಬಹುತೇಕ ರೆಗ್ಯುಲೇಟರ್ ಕೆಟ್ಟಿದೆ, ಫ್ಯಾನ್ ಅಲ್ಲ.

ಈಗ ಮುಖ್ಯವಾದ ಮಾತು. ಬಿಚ್ಚುವುದಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಮೇನ್ ಆಫ್ ಮಾಡಿ. ಹಳೆ ಮನೆಗಳಲ್ಲಿ ಸ್ವಿಚ್ಚನ್ನು ಕರೆಂಟ್ ಬರುವ ಫೇಸ್ ವೈರಿನ ಬದಲು ವಾಪಸ್ ಹೋಗುವ ನ್ಯೂಟ್ರಲ್ ವೈರಿಗೆ ಕೊಟ್ಟಿರುವುದುಂಟು. ಆಗ ಸ್ವಿಚ್ ಆಫ್ ಇದ್ದರೂ ಫ್ಯಾನಿನ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಟೆಸ್ಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ. ಕಪ್ಯಾಸಿಟರ್‌ನಲ್ಲೂ ಸ್ವಲ್ಪ ಹೊತ್ತು ಕರೆಂಟ್ ಉಳಿದಿರಬಹುದು, ಅದರ ವೈರಿನ ತುದಿ ಮುಟ್ಟಬೇಡಿ. ಇದಕ್ಕೆಲ್ಲ ಧೈರ್ಯ ಇಲ್ಲದಿದ್ದರೆ ತಿಳಿದವರನ್ನೇ ಕರೆಯಿರಿ, ಅದರಲ್ಲಿ ನಾಚಿಕೆ ಏನಿಲ್ಲ.

ಕಪ್ ಇಳಿಸಿದಿರಾ? ಹಾಗಾದರೆ ಕೊಕ್ಕೆಯ ಕಡೆ ಟಾರ್ಚ್ ಬಿಡಿ. ಪೈಪಿನ ತುದಿಯಲ್ಲಿ ಒಂದು ಬೋಲ್ಟು, ಅದರ ಸುತ್ತ ರಬ್ಬರ್ ಬುಷ್ಷು, ಬೋಲ್ಟಿನ ಕೊನೆಗೆ ನಟ್ಟು. ಆ ನಟ್ಟಿನಾಚೆ ಬೋಲ್ಟಿನಲ್ಲೊಂದು ಸಣ್ಣ ತೂತು, ಅದರೊಳಗೆ ಹೆಂಗಸರ ತಲೆಯ ಪಿನ್ನಿನಂಥದೊಂದು ಪಿನ್ನು. ತೂರಿಸಿ ಅದರ ಎರಡೂ ಕಾಲು ಅಗಲಿಸಿರಬೇಕು. ಅದೇ ಸ್ಪ್ಲಿಟ್ ಪಿನ್. ಫ್ಯಾನ್ ಸದಾ ಅದುರುತ್ತಿರುತ್ತದೆ, ಅದುರಿ ಅದುರಿ ನಟ್ಟು ಸಡಿಲವಾಗುತ್ತದೆ. ಅದು ಪೂರ್ತಿ ಬಿಚ್ಚಿಕೊಳ್ಳದಂತೆ ತಡೆಯುವುದು ಈ ಪಿನ್ನೊಂದೇ. ಕೆಳಗೆ ಕೂಸು ಮಲಗಿರುತ್ತದೆ, ಮೇಲೆ ನಾಲ್ಕೈದು ಕೆಜಿ ಭಾರ ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು ಸುತ್ತು ಹೊಡೆಯುತ್ತಿರುತ್ತದೆ. ಎಷ್ಟೋ ಮನೆಗಳಲ್ಲಿ ಪಿನ್ನಿನ ಜಾಗದಲ್ಲಿ ಒಂದು ಮೊಳೆಯೋ ಬೈಂಡಿಂಗ್ ವೈರಿನ ತುಂಡೋ ಇರುತ್ತದೆ. ಇನ್ನು ಕೆಲವು ಕಡೆ ಅದೂ ಇಲ್ಲ. ಇದು ದುಡ್ಡಿನ ಪ್ರಶ್ನೆ ಅಲ್ಲ, ಸುಮ್ನೆ ಸೋಮಾರಿತನ. ರಬ್ಬರ್ ಬುಷ್ ಸವೆದು ಬಿರುಕು ಬಿಟ್ಟಿದ್ದರೆ ಅದನ್ನೂ ಆಗಲೇ ಬದಲಾಯಿಸಿ.

ಆರ್‌ಸಿಸಿ ಮನೆಯಾದರೆ ಸ್ಲಾಬಿನಲ್ಲೇ ಕೊಕ್ಕೆ ಇರುತ್ತದೆ. ಗರ್ಡರ್ ಮೇಲೆ ಪರಸಿ ಕಲ್ಲು ಹಾಸಿದ ಮನೆಯಲ್ಲಿ ಗರ್ಡರ್‌ಗೆ ಕ್ಲ್ಯಾಂಪ್ ಹಾಕಿ ತೂಗಿಸಿ, ಪರಸಿಗೆ ತೂತು ಕೊರೆಯಬೇಡಿ. ಮಣ್ಣಿನ ಮಾಳಿಗೆಯಲ್ಲಿ ದಪ್ಪ ತೊಲೆಗೇ ಕಟ್ಟಬೇಕು, ತೆಳು ಜಂತಿಗಲ್ಲ. ಕಟ್ಟುವ ಮುಂಚೆ ತೊಲೆಗೆ ಗೆದ್ದಲು ಹತ್ತಿದೆಯಾ ಅಂತ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ರೆಕ್ಕೆ ನೆಲದಿಂದ ಏಳು ಅಡಿಗಿಂತ ಕೆಳಗೆ ಬರಕೂಡದು, ಎಂಟು ಇದ್ದರೆ ಒಳ್ಳೆಯದು. ಹಾಗಂತ ಮಾಳಿಗೆಗೆ ತೀರಾ ಹತ್ತಿರ ಕಟ್ಟಿದರೆ ಮೇಲಿಂದ ಎಳೆದುಕೊಳ್ಳಲು ಅದಕ್ಕೆ ಗಾಳಿಯೇ ಸಿಗುವುದಿಲ್ಲ. ಒಂದಡಿ ಬಿಡಿ.

ಅಲುಗಾಟ ಅಂದರೆ ಮೊದಲು ರೆಕ್ಕೆ ನೋಡಿ. ಮೂರೂ ರೆಕ್ಕೆಯ ತುದಿಯಿಂದ ಮಾಳಿಗೆಗೆ ಟೇಪ್ ಹಿಡಿಯಿರಿ, ಒಂದೇ ಅಳತೆ ಬರಬೇಕು. ಒಂದು ಬಗ್ಗಿದ್ದರೂ ಫ್ಯಾನ್ ತಾಳ ತಪ್ಪುತ್ತದೆ. ಬಗ್ಗುವುದು ಎಲ್ಲಿಂದ? ನಾವು ಒರೆಸುವಾಗಲೇ. ನಮ್ಮ ಕಡೆ ದೂಳು ಜಾಸ್ತಿ, ಸಂಡೂರಿನ ಕಡೆ ಕೆಂಪು, ರಾಯಚೂರಿನ ಜಿನ್ನಿಂಗ್ ಮಿಲ್ಲುಗಳ ಸುತ್ತ ಹತ್ತಿಯ ಎಳೆ ಸೇರಿದ್ದು. ರೆಕ್ಕೆಯ ಮುಂಗಡೆ ಅಂಚಿನಲ್ಲೇ ಅದು ಗಟ್ಟಿಯಾಗಿ ಕೂರುತ್ತದೆ. ಜನ ಅದನ್ನು ಮೇಲಿಂದ ಒತ್ತಿ ಉಜ್ಜುತ್ತಾರೆ. ಒಂದು ಕೈ ರೆಕ್ಕೆಯ ಕೆಳಗೆ ಕೊಟ್ಟು, ಇನ್ನೊಂದು ಕೈಯಿಂದ ಹಿಂಡಿದ ಬಟ್ಟೆಯಲ್ಲಿ ಒರೆಸಿ. ನೀರು ಮೋಟಾರಿಗೆ ಇಳಿಯಬಾರದು. ಒರೆಸಿದರೆ ಮೂರನ್ನೂ ಒರೆಸಿ. ಒಂದು ಫ್ಯಾನಿನ ರೆಕ್ಕೆ ಇನ್ನೊಂದಕ್ಕೆ ಹಾಕಬೇಡಿ, ಅವು ತೂಕ ನೋಡಿ ಜೊತೆ ಮಾಡಿದವು.

ಕರ್ರ್ ಅನ್ನುವ ಸದ್ದು ಬೇರಿಂಗ್‌ನದು. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಬಿಡುವ ಚಾಳಿ ನಮ್ಮಲ್ಲಿದೆ. ಎರಡು ದಿನ ಸದ್ದು ನಿಲ್ಲುತ್ತದೆ, ಒಳಗಿನ ಗ್ರೀಸ್ ಕರಗಿ ಹೋಗಿ ಮೂರನೇ ದಿನ ಇನ್ನೂ ಜೋರಾಗುತ್ತದೆ. ಬೇರಿಂಗ್ ಮೇಲೆ 6201, 6202 ಅಂತ ನಂಬರ್ ಇರುತ್ತದೆ, ಹಳೆಯದನ್ನು ತೋರಿಸಿ ಅದೇ ಕೊಳ್ಳಿ.

ಹೊಸ ಫ್ಯಾನ್ ತರುವುದೇ ಆದರೆ ಕರೆಂಟ್ ಎಷ್ಟು ಉಳಿಸುತ್ತದೆ ಅಂತ ಹೇಳುವ ಸ್ಟಾರ್ ಚೀಟಿ ನೋಡಿ. 2023ರಿಂದ ಅದು ಕಡ್ಡಾಯ. ಹಳೆಯ ಫ್ಯಾನ್ ಸುಮಾರು 75 ವಾಟ್ ಎಳೆದರೆ, ಬಿಎಲ್‌ಡಿಸಿ, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನ ಫ್ಯಾನ್ 30ರ ಆಸುಪಾಸು. ದಿನಕ್ಕೆ 12 ತಾಸು ಓಡಿಸಿದರೆ ತಿಂಗಳಿಗೆ ಒಂದು ಫ್ಯಾನಿಗೆ ಸುಮಾರು 16 ಯೂನಿಟ್ ಉಳಿತಾಯ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಇಷ್ಟು ಯೂನಿಟ್ ಅಂತ ಇದೆಯಲ್ಲ, ಬೇಸಿಗೆಯಲ್ಲಿ ಅದು ದಾಟುವವರಿಗೆ ಈ 16 ಲೆಕ್ಕಕ್ಕೆ ಬರುತ್ತದೆ. ಆದರೆ ಬಿಎಲ್‌ಡಿಸಿಯನ್ನು ಗೋಡೆಯ ಹಳೆ ರೆಗ್ಯುಲೇಟರ್‌ಗೆ ಕೊಡಬೇಡಿ, ಫ್ಯಾನಿನ ಸರ್ಕ್ಯೂಟ್ ಕೆಡಬಹುದು. ನೇರ ಸ್ವಿಚ್ಚಿಗೆ ಕೊಟ್ಟು ರಿಮೋಟ್‌ನಲ್ಲಿ ವೇಗ ಬದಲಾಯಿಸಿ. ಅಜ್ಜಿಯ ಕೈಗೆ ಸಿಗುವ ಜಾಗದಲ್ಲಿ ರಿಮೋಟ್ ಇಡಿ, ಇಲ್ಲವಾದರೆ ಹಳೆ ರೆಗ್ಯುಲೇಟರೇ ಚೆನ್ನಾಗಿತ್ತು ಅಂತ ಬೈಸಿಕೊಳ್ಳುತ್ತೀರಿ.

ನಮಸ್ಕಾರ.