ಮಳೆಗಾಲದಲ್ಲಿ ಕಾಣೆಯಾದ ಕಾರ್ಡು

ಕೇಳುಗರೇ, ನಮಸ್ಕಾರ.

ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ ಅಂದರೆ ನಮ್ಮ ಕೊಡಗಿನಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಕಂಪ್ಯೂಟರ್ ಮಾತ್ರ ಹೇಗೆ ತಪ್ಪಿಸಿಕೊಂಡೀತು? ಹೋದ ಮಳೆಗಾಲದಲ್ಲಿ ನಮ್ಮ ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ ಇಂಟರ್ನೆಟ್ ನಿಂತೇ ಹೋಯಿತು. ವೈರು ಸರಿಯಿತ್ತು, ಮೋಡೆಮ್ಮಿನ ದೀಪವೂ ಉರಿಯುತ್ತಿತ್ತು. ಅದರಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಅಂತ ಒಂದು ಕಮಾಂಡ್ ಇದೆ. ಒಳಗೆ ಯಾವ ಯಾವ ಕಾರ್ಡು ಇದೆ ಅಂತ ಪಟ್ಟಿ ಕೊಡುತ್ತದೆ. ಟೈಪ್ ಮಾಡಿ ನೋಡಿದರೆ ನೆಟ್‌ವರ್ಕ್ ಕಾರ್ಡಿನ ಸಾಲೇ ಮಾಯ. ಕಾರ್ಡು ಕೆಟ್ಟಿದೆ ಅಂತಲ್ಲ, ಕಾರ್ಡೇ ಇಲ್ಲವಂತೆ!

ಇಲ್ಲ ಅಂತ ಅದಕ್ಕೆ ಹೇಗೆ ಗೊತ್ತಾಯಿತು?

ಕಂಪ್ಯೂಟರಿನೊಳಗೆ ಕಾರ್ಡು ಸಿಕ್ಕಿಸುವ ಜಾಗಕ್ಕೆ ಪಿಸಿಐ ಸ್ಲಾಟ್ ಅಂತಾರೆ. ಅದರಲ್ಲಿ ಕೂರುವ ಪ್ರತಿ ಸಾಧನವೂ ತನ್ನ ಪರಿಚಯ ಹೇಳುವ ಪುಟ್ಟ ಜಾಗವೊಂದನ್ನು ಇಟ್ಟುಕೊಂಡಿರುತ್ತದೆ. ಅದಕ್ಕೆ ಕಾನ್ಫಿಗರೇಶನ್ ಸ್ಪೇಸ್ ಅಂತ ಹೆಸರು. 1992ರ ಪಿಸಿಐನಲ್ಲಿ ಅದು 256 ಬೈಟ್, ಈಗಿನ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ 4096. ಮೊದಲ ಎರಡು ಬೈಟಿನಲ್ಲಿ ಕಂಪನಿಯ ನಂಬರು, ಮುಂದಿನ ಎರಡರಲ್ಲಿ ಆ ಸಾಧನದ ನಂಬರು. ಥೇಟ್ ಕೊಡವರ ಹೆಸರಿನ ಹಾಗೆ. ಕೊಡಂದೇರ ಮಾದಪ್ಪ ಕಾರ್ಯಪ್ಪ ಅಂದಾಗ ಯಾವ ಒಕ್ಕ, ಅಂದರೆ ಯಾವ ಮನೆತನ ಅಂತ ಮೊದಲೇ ತಿಳಿಯುತ್ತದಲ್ವಾ? ಇಂಟೆಲ್ ಒಕ್ಕದ ನಂಬರು 8086. 1978ರಲ್ಲಿ ಬಂದ ತಮ್ಮ ಪ್ರೊಸೆಸರಿನ ಹೆಸರನ್ನೇ ಇಟ್ಟುಕೊಂಡಿದ್ದಾರೆ, ಸ್ವಲ್ಪ ಜಂಬವೇ ಅನ್ನಿ.

ಯಾರೂ ಉತ್ತರ ಕೊಡದಿದ್ದರೆ ನಂಬರಿನ ಜಾಗದಲ್ಲಿ ಹದಿನಾರು ಬಿಟ್‌ಗಳೂ 1 ಆಗಿಯೇ ಬರುತ್ತವೆ. ಆ ನಂಬರನ್ನು ಯಾವ ಕಂಪನಿಗೂ ಕೊಟ್ಟಿಲ್ಲ. ಹಾಗಾಗಿ ಇಲ್ಲಿ ಯಾರೂ ಇಲ್ಲ ಅಂತ ಲಿನಕ್ಸ್ ಮುಂದೆ ಹೋಗುತ್ತದೆ. ನಮ್ಮ ಕಾರ್ಡಿಗೆ ಆಗಿದ್ದೂ ಇದೇ.

ಕೇಳುವ ಪ್ರಶ್ನೆ ಎಲ್ಲ ಕಡೆ ಒಂದೇ, ದಾರಿ ಮಾತ್ರ ಬೇರೆ ಬೇರೆ. ಹಳೇ ಪಿಸಿಗಳಲ್ಲಿ ಎರಡು ಕಿಂಡಿ. ಸಿ-ಎಫ್-8 ಅನ್ನುವ ಪೋರ್ಟಿನಲ್ಲಿ ಯಾವ ಬಸ್ಸು, ಎಷ್ಟನೇ ಸಾಧನ, ಯಾವ ಸಾಲು ಅಂತ ಚೀಟಿ ಕೊಡಬೇಕು. ಬಸ್ಸು ಅಂದರೆ ವಿರಾಜಪೇಟೆ ಬಸ್ಸಲ್ಲ ಮತ್ತೆ, ಸಾಧನಗಳನ್ನು ಜೋಡಿಸುವ ತಂತಿದಾರಿ. ಉತ್ತರ ಸಿಗುವುದು ಸಿ-ಎಫ್-ಸಿ ಕಿಂಡಿಯಲ್ಲಿ. ನೀವು ಚೀಟಿ ಕೊಟ್ಟು ಈ ಕಡೆ ಬರುವಷ್ಟರಲ್ಲಿ ಇನ್ನೊಬ್ಬ ತನ್ನ ಚೀಟಿ ತೂರಿಸಿದರೆ ನಿಮ್ಮ ಕೈಗೆ ಅವನ ಉತ್ತರ! ಅದಕ್ಕೇ ಲಿನಕ್ಸ್ ಮೊದಲು ಬೀಗ ಹಾಕಿಕೊಂಡು, ಕೆಲಸ ಮುಗಿದ ಮೇಲೆ ತೆಗೆಯುತ್ತದೆ.

ಪಿಸಿಐ ಎಕ್ಸ್‌ಪ್ರೆಸ್ ಬಂದ ಮೇಲೆ ಈ ರಗಳೆ ಕಮ್ಮಿಯಾಯಿತು. ಎಲ್ಲ ಸಾಧನಗಳ ಜಾಗವನ್ನೂ ಮೆಮೊರಿ ವಿಳಾಸಗಳಲ್ಲಿ ಸಾಲಾಗಿ ಹಾಸಿಟ್ಟರು. 256 ಬಸ್ಸಿಗೆ 256 ಎಂಬಿ ವಿಳಾಸ ಬೇಕು. ಬೇಕಾದ ವಿಳಾಸ ಲೆಕ್ಕ ಹಾಕಿ ನೇರ ಓದಿದರಾಯಿತು. ಸಾಲು ಎಲ್ಲಿಂದ ಶುರು ಅಂತ ಪಿಸಿಯಲ್ಲಿ ಎಸಿಪಿಐ ಅನ್ನುವ ಪಟ್ಟಿಗಳು ಹೇಳುತ್ತವೆ. ಮೊಬೈಲುಗಳಲ್ಲಿರುವ ಆರ್ಮ್ ಪ್ರೊಸೆಸರಿನಲ್ಲಿ ಪೋರ್ಟಿನ ಆದೇಶವೇ ಇಲ್ಲ, ಎಲ್ಲವೂ ಮೆಮೊರಿ ದಾರಿಯಲ್ಲೇ. ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ ಇದಕ್ಕೆಂದೇ ಬೇರೆ ಆದೇಶಗಳಿವೆ. ಅದೇ ಕಂಪನಿಯ ಪವರ್ ಸರ್ವರ್‌ಗಳಲ್ಲಿ ಲಿನಕ್ಸ್ ಸಾಮಾನ್ಯವಾಗಿ ತಾನೇ ಕೈ ಹಾಕುವುದಿಲ್ಲ, ಯಂತ್ರದೊಳಗೇ ಇರುವ ಮೂಲ ತಂತ್ರಾಂಶ ಫರ್ಮ್‌ವೇರನ್ನು ಕೇಳಿ ತರಿಸಿಕೊಳ್ಳುತ್ತದೆ. ಕಾರ್ಡನ್ನು ನಡೆಸುವ ತಂತ್ರಾಂಶ ಡ್ರೈವರಿಗೆ ಇದ್ಯಾವುದೂ ಗೊತ್ತಿಲ್ಲ. ಓದು ಅಂದರೆ ಲಿನಕ್ಸ್ ಓದಿ ಕೊಡುತ್ತದೆ, ಅಷ್ಟೇ.

ತೋಟದಲ್ಲಿ ಮಳೆ ಲೆಕ್ಕ ಬರೆದಿಡಲು ನಾನೊಂದು ಪುಟ್ಟ ಕಂಪ್ಯೂಟರ್, ರಾಸ್ಪ್‌ಬೆರಿ ಪೈ 4 ಇಟ್ಟಿದ್ದೇನೆ. ಅದರಲ್ಲೂ ನಂಬರು ತೋರಿಸುವಂತೆ ಅದೇ ಕಮಾಂಡ್ ಒತ್ತಿದೆ. 1106, 3483 ಅಂತ ಬಂತು. ವಯಾ ಒಕ್ಕದ ಯುಎಸ್‌ಬಿ ಚಿಪ್ಪು. ಪೈ ಒಳಗಿರುವುದು ಆರ್ಮ್, ಅಲ್ಲಿ ಎಲ್ಲ ಹಾಸಿಟ್ಟಿರುತ್ತಾರೆ ಅಂದುಕೊಂಡಿದ್ದೆ. ಲಿನಕ್ಸ್ ಕೋಡ್ ತೆಗೆದು ನೋಡಿದರೆ, ಒಂದು ಕಡೆ ಸಾಧನದ ನಂಬರು ಬರೆದು ಇನ್ನೊಂದು ಕಡೆ ಓದುವುದು! ಮೆಮೊರಿಯೊಳಗೇ ಮತ್ತೆ ಕಿಂಡಿ ವ್ಯವಹಾರ.

ಅಂದಹಾಗೆ, ನಮ್ಮ ಡೆಸ್ಕ್‌ಟಾಪ್ ಕಥೆ. ಕರೆಂಟು ತೆಗೆದು, ಕಾರ್ಡು ಕಿತ್ತು ನೋಡಿದರೆ ಅದರ ಹೊಂಬಣ್ಣದ ಅಂಚು ಮಂಕಾಗಿತ್ತು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ವಾಪಸ್ ಕೂರಿಸಿದೆ. ಪಟ್ಟಿಯಲ್ಲಿ ಸಾಲು ಬಂತು. ಮಗಳು ರಬ್ಬರು ವಾಪಸ್ ಕೇಳಿದಳು. ಕಕ್ಕಡ ಮುಗಿಯಲಿ ಅಂದಿದ್ದೇನೆ.

ನಮಸ್ಕಾರ.