ಟೊಮ್ಯಾಟೊಗೂ ನಿಮ್ಮ ಹೋಮ್ ಲೋನ್‌ಗೂ ಏನ್ರೀ ಸಂಬಂಧ?

ನಮಸ್ಕಾರ ಎಲ್ರಿಗೂ. ಹೋದ ವಿಡಿಯೋ ಕೆಳಗೆ ಒಬ್ರು ಕೇಳಿದ್ರು, "ಸಾರ್, ತರಕಾರಿ ದುಬಾರಿ ಆಗಿದೆ ಅಂತ ಆರ್‌ಬಿಐ ಬಡ್ಡಿ ಇಳಿಸಲ್ಲ ಅಂತೆ. ಬಡ್ಡಿ ಜಾಸ್ತಿ ಇಟ್ರೆ ಕೋಲಾರದಲ್ಲಿ ಟೊಮ್ಯಾಟೊ ಗಿಡ ಜಾಸ್ತಿ ಕಾಯಿ ಬಿಡುತ್ತಾ?" ಅಂತ. ಓದಿ ಜೋರಾಗಿ ನಕ್ಕುಬಿಟ್ಟೆ, ಆದ್ರೆ ಇದು ತಮಾಷೆ ಪ್ರಶ್ನೆ ಅಲ್ಲ ಕಣ್ರೀ, ದೆಹಲಿಲಿ ದೊಡ್ಡ ದೊಡ್ಡವರೇ ಈ ವಿಷಯಕ್ಕೆ ಕಿತ್ತಾಡಿದಾರೆ.

ಬೇಸಿಕ್ಸ್ ಬೇಗ ಮುಗಿಸ್ತೀನಿ, ಗೊತ್ತಿರೋರು 30 ಸೆಕೆಂಡ್ ಓಡ್ಸಿ. ಬ್ಯಾಂಕ್‌ಗಳು ಆರ್‌ಬಿಐ ಹತ್ರ ಸಾಲ ತಗೊಂಡ್ರೆ ಕಟ್ಟೋ ಬಡ್ಡಿ ರೆಪೋ ರೇಟ್. ಅದನ್ನ ಫಿಕ್ಸ್ ಮಾಡೋದು 6 ಜನರ ಸಮಿತಿ, 2016ರಿಂದ ಇದೆ, 3 ಜನ ಆರ್‌ಬಿಐ ಕಡೆಯವರು, 3 ಜನ ಸರ್ಕಾರ ಹೊರಗಿನಿಂದ ನೇಮಿಸಿದವರು, ವೋಟ್ ಹಾಕ್ತಾರೆ. ಅವರಿಗೆ ಕೊಟ್ಟಿರೋ ಕೆಲಸ ಒಂದೇ ಸಾಲಲ್ಲಿ ಹೇಳಬೇಕು ಅಂದ್ರೆ, ಬೆಲೆ ಏರಿಕೆ 4%ಗೆ ಹತ್ತಿರ ಇರ್ಬೇಕು, ಹೆಚ್ಚು ಅಂದ್ರೆ 6, ಕಮ್ಮಿ ಅಂದ್ರೆ 2. ಅಷ್ಟೇ, ಬೇಸಿಕ್ಸ್ ಮುಗೀತು.

[ಸ್ಕ್ರೀನ್ ಮೇಲೆ: ಕೋಲಾರ ಎಪಿಎಂಸಿ, ಟೊಮ್ಯಾಟೊ ಬಾಕ್ಸ್‌ಗಳು]

ಈಗ 2023ರ ಜುಲೈ ನೆನಪು ಮಾಡ್ಕೊಳ್ಳಿ. ಕೋಲಾರ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು, ಸಾರಿಗೆ ಹುಣಸೆಹಣ್ಣೇ ಗತಿ ಅಂತ ಎಲ್ರೂ ರೀಲ್ಸ್ ಮಾಡ್ತಿದ್ರು. ಆ ತಿಂಗಳು ದೇಶದ ಚಿಲ್ಲರೆ ಹಣದುಬ್ಬರ, ಅಂದ್ರೆ ಹಿಂದಿನ ವರ್ಷಕ್ಕಿಂತ ನಾವು ಕೊಳ್ಳೋ ಸಾಮಾನಿನ ಬೆಲೆ ಏರಿಕೆ, 7.44%ಗೆ ಹೋಯ್ತು. ಹಿಂದಿನ ತಿಂಗಳು 5%ಗೂ ಕಮ್ಮಿ ಇತ್ತು! ಒಂದೇ ತಿಂಗಳಲ್ಲಿ ಹೀಗೆ ನೆಗೆಯೋಕೆ ಕಾರಣ ಲೆಕ್ಕದ ಬುಟ್ಟಿ, ಅಂದ್ರೆ ಬೆಲೆ ಏರಿಕೆ ಅಳೆಯೋಕೆ ಇಟ್ಕೊಂಡಿರೋ ಸಾಮಾನುಗಳ ಪಟ್ಟಿ. 2012ನ್ನ ಬೇಸ್ ಇಯರ್ ಇಟ್ಕೊಂಡು ಮಾಡಿದ ಆಗಿನ ಆ ಬುಟ್ಟಿಲಿ ಊಟ ತಿಂಡಿ ಪಾಲು 45.86% ಇತ್ತು. ಅಂದ್ರೆ ಮಳೆ ಕೈಕೊಟ್ರೆ, ಗಿಡಕ್ಕೆ ರೋಗ ಬಂದ್ರೆ, ಮುಂಬೈಲಿ ಕೂತಿರೋ ಆ 6 ಜನರ ಟಾರ್ಗೆಟ್ಟೇ ಕೈತಪ್ಪುತ್ತೆ.

ರೆಪೋ ರೇಟ್‌ನಿಂದ ಟೊಮ್ಯಾಟೊ ಬೆಳೆಯಲ್ಲ, ಅದು ಆರ್‌ಬಿಐಗೂ ಗೊತ್ತು. ಆ ವರ್ಷ ಆಗಸ್ಟ್ ಮೀಟಿಂಗಲ್ಲಿ ಅವರು ಬಡ್ಡಿ ಏರಿಸಲೂ ಇಲ್ಲ, 6.5ಲ್ಲೇ ಬಿಟ್ರು. ಟೊಮ್ಯಾಟೊಗೆ ಮದ್ದು ಹುಡುಕಿದ್ದು ಕೇಂದ್ರ ಸರ್ಕಾರ, ನಮ್ಮ ಕಡೆಯಿಂದ, ಆಂಧ್ರದಿಂದ, ಮಹಾರಾಷ್ಟ್ರದಿಂದ ಕೊಂಡು ದೆಹಲಿಲಿ ಕೆಜಿಗೆ 90 ರೂಪಾಯಿಗೆ ಮಾರಿದ್ರು, ಆಮೇಲೆ ಇನ್ನೂ ಇಳಿಸಿದ್ರು, ನೇಪಾಳದಿಂದಲೂ ತರಿಸಿದ್ರು. ಹಂಗಾದ್ರೆ ಆರ್‌ಬಿಐಗೆ ಭಯ ಯಾವುದು?

ಭಯ ಇರೋದು ದರ್ಶಿನಿ ಬೋರ್ಡ್ ಬಗ್ಗೆ. ನನಗೆ ಈ ಇಡೀ ಸಬ್ಜೆಕ್ಟ್‌ನಲ್ಲಿ ತುಂಬ ಇಷ್ಟ ಆಗೋ ಭಾಗ ಇದೇ, ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ತರಕಾರಿ ರೇಟ್ ಏರಿತು ಅಂತ ದರ್ಶಿನಿಯವರು ರೈಸ್ ಬಾತ್‌ಗೆ 5 ರೂಪಾಯಿ ಸೇರಿಸ್ತಾರೆ, ಬೋರ್ಡ್ ಮೇಲೆ ಹಳೇ ರೇಟಿಗೆ ಸ್ಟಿಕ್ಕರ್ ಅಂಟಿಸ್ತಾರೆ. ಎರಡು ತಿಂಗಳಿಗೆ ಟೊಮ್ಯಾಟೊ ಮತ್ತೆ 20 ರೂಪಾಯಿಗೆ ಬಿತ್ತು, ರೈತ ರಸ್ತೇಲಿ ಸುರಿದು ಹೋದ. ಆ ಸ್ಟಿಕ್ಕರ್ ಕಿತ್ತಿದ್ದನ್ನ ಯಾರಾದ್ರೂ ನೋಡಿದೀರಾ? ನೋಡಿದ್ರೆ ಹೋಟೆಲ್ ಹೆಸರು ಹೇಳಿ, ನಾಳೇನೇ ಹೋಗೋಣ! ಅಲ್ಲಿಗೆ ನಿಲ್ಲಲ್ಲ ಅದು. ದಿನಾ ಅಲ್ಲಿ ತಿಂಡಿ ತಿನ್ನೋ ಆಟೋದವರಿಗೆ ಖರ್ಚು ಜಾಸ್ತಿ ಆಯ್ತು, ಮನೆಕೆಲಸಕ್ಕೆ ಬರೋ ಅಕ್ಕ ಸಂಬಳ ಜಾಸ್ತಿ ಮಾಡಿ ಅಂತಾರೆ, ನ್ಯಾಯವಾಗೇ ಕೇಳ್ತಾರೆ, ಪಿಜಿ ಓನರ್ ಬಾಡಿಗೆ ಏರಿಸ್ತಾನೆ, ಮುಂದಿನ ವರ್ಷವೂ ಎಲ್ಲ ಏರುತ್ತೆ ಬಿಡು ಅಂತ ಎಲ್ರೂ ಮೊದಲೇ ಅಂದ್ಕೊಂಡು ರೇಟ್ ಹಾಕೋಕೆ ಶುರು ಮಾಡ್ತಾರೆ. ಆರ್‌ಬಿಐ ಬಡ್ಡಿ ಬಿಗಿ ಹಿಡಿಯೋದು ಈ ಎರಡನೇ ಸುತ್ತಿಗೆ. ಸಾಲ ದುಬಾರಿ ಆದ್ರೆ ಜನ ಖರ್ಚಿಗೆ ಹಿಂದೆ ಮುಂದೆ ನೋಡ್ತಾರೆ, ಗಿರಾಕಿ ಕಮ್ಮಿ ಆದ್ರೆ ಸ್ಟಿಕ್ಕರ್ ಅಂಟಿಸೋಕೆ ಧೈರ್ಯ ಬರಲ್ಲ.

ಆಗ ಗವರ್ನರ್ ಆಗಿದ್ದ ಶಕ್ತಿಕಾಂತ ದಾಸ್ ಇದನ್ನ ಆನೆ ಕಥೆ ಮಾಡಿ ಹೇಳಿದ್ರು. 2024ರ ಏಪ್ರಿಲ್‌ನಲ್ಲಿ, ಹಣದುಬ್ಬರ ಅನ್ನೋ ಆನೆ ವಾಕಿಂಗ್‌ಗೆ ಹೊರಟಿದೆ, ಕಾಡಿಗೆ ವಾಪಸ್ ಹೋಗ್ತಿರೋ ಹಾಗೆ ಕಾಣ್ತಿದೆ, ಅಲ್ಲೇ ಇರ್ಲಿ ಅನ್ನೋದು ನಮ್ಮಾಸೆ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ನಮ್ಮ ಸಕಲೇಶಪುರದ ಕಾಫಿ ತೋಟದವರಿಗೆ ಈ ಮಾತು ಎಲ್ಲರಿಗಿಂತ ಚೆನ್ನಾಗಿ ಅರ್ಥ ಆಗುತ್ತೆ, ಕಾಡಿಗೆ ಅಟ್ಟಿದ ಆನೆ ರಾತ್ರಿ ಮತ್ತೆ ಬೇಲಿ ಹತ್ರ ನಿಂತಿರುತ್ತೆ. ಹಂಗೇ ಆಯ್ತು ನೋಡಿ, 2024ರ ಅಕ್ಟೋಬರ್‌ನಲ್ಲಿ ತರಕಾರಿ ದೆಸೆಯಿಂದಲೇ ಹಣದುಬ್ಬರ 6.21%.

ಕಿತ್ತಾಟ ಅಂದ್ನಲ್ಲ, ಅದು ಇಲ್ಲಿದೆ. ಆ ವರ್ಷದ ಜುಲೈನಲ್ಲಿ ಬಂದ ಸರ್ಕಾರದ್ದೇ ಎಕನಾಮಿಕ್ ಸರ್ವೆ, ಅಂದ್ರೆ ಬಜೆಟ್‌ಗೆ ಮುಂಚೆ ಬರೋ ಆರ್ಥಿಕ ವರದಿ, ಟಾರ್ಗೆಟ್ ಲೆಕ್ಕದಿಂದ ಆಹಾರವನ್ನ ಹೊರಗಿಡೋದನ್ನ ಯೋಚನೆ ಮಾಡಿ ಅಂತು. ದಾಸ್ ಒಪ್ಪಲಿಲ್ಲ. ನಾನೂ ದಾಸ್ ಕಡೆನೇ. ಮನೆ ಖರ್ಚಲ್ಲಿ ಅರ್ಧಕ್ಕೆ ಹತ್ತಿರ ಊಟಕ್ಕೇ ಹೋಗೋ ದೇಶದಲ್ಲಿ, ಊಟ ಬಿಟ್ಟು ಉಳಿದಿದ್ದೆಲ್ಲ ಅಗ್ಗ ಇದೆ ಅಂದ್ರೆ ಜನ ಉಗೀತಾರೆ ಅಷ್ಟೇ.

ಆದ್ರೆ ಈ ಕಾಯೋ ಆಟದ ಬಿಲ್ ಕಟ್ಟಿದ್ದು ಯಾರು? ಸಾಲ ಇರೋರು. 2022ರ ಮೇ ಶುರುವಲ್ಲಿ 4% ಇದ್ದ ರೆಪೋ, ಯುಕ್ರೇನ್ ಯುದ್ಧ, ಎಣ್ಣೆ ಬೆಲೆ ಅಂತ ಏರಿ ಏರಿ 2023ರ ಫೆಬ್ರವರಿಗೆ 6.5 ಮುಟ್ತು, ಅಲ್ಲಿಂದ ಪೂರ್ತಿ 2 ವರ್ಷ ಅಲ್ಲಾಡಲಿಲ್ಲ. 2019ರ ಅಕ್ಟೋಬರ್ ನಂತರ ಬ್ಯಾಂಕಿಂದ ತಗೊಂಡ ಫ್ಲೋಟಿಂಗ್ ಹೋಮ್ ಲೋನ್ ಹೆಚ್ಚಿನವು ರೆಪೋಗೆ ನೇರ ಕಟ್ಟಿರೋವು, ಅದು ಏರಿದಷ್ಟೂ ಇದೂ ಏರುತ್ತೆ.

[ಸ್ಕ್ರೀನ್ ಮೇಲೆ: 30 ಲಕ್ಷ, 20 ವರ್ಷ]

6.75%ಗೆ ಇಎಂಐ ಸುಮಾರು 22,800. ರೆಪೋ ಜತೆ ಅದೇ 2.5 ಏರಿ ಬಡ್ಡಿ 9.25 ಆದ್ರೆ 30 ಲಕ್ಷಕ್ಕೆ ತಿಂಗಳ ಬಡ್ಡಿನೇ 23,125! ಅಂದ್ರೆ ಸಾಲ ತಗೊಂಡ ಕೂಡಲೇ ಪೂರ್ತಿ ಏರಿದೆ ಅಂತ ಇಟ್ಕೊಂಡ್ರೆ, ಹಳೇ ಇಎಂಐ ಬಡ್ಡಿಗೂ ಸಾಲಲ್ಲ, ಅಸಲು ಕರಗೋ ಮಾತು ಹಾಗಿರ್ಲಿ, ಸಾಲ ಇನ್ನೂ ಬೆಳೆಯುತ್ತೆ. 20 ವರ್ಷದಲ್ಲೇ ತೀರಬೇಕು ಅಂದ್ರೆ ಸುಮಾರು 27,500 ಕಟ್ಬೇಕು. ಎಷ್ಟೋ ಕಡೆ ಬ್ಯಾಂಕ್‌ನವರು ಇಎಂಐ ಮುಟ್ಟದೆ ಅವಧಿ ಎಳೆದುಬಿಟ್ರು, ಅಕೌಂಟಿಂದ ಹೋಗೋ ದುಡ್ಡು ಅಷ್ಟೇ ಇರೋದ್ರಿಂದ ಗ್ರಾಹಕರಿಗೆ ಗೊತ್ತೂ ಆಗಲಿಲ್ಲ. ಅದಕ್ಕೇ 2023ರ ಆಗಸ್ಟ್‌ನಲ್ಲಿ ಆರ್‌ಬಿಐ ರೂಲ್ ತಂತು, ಬಡ್ಡಿ ರೀಸೆಟ್ ಆದಾಗ ಇಎಂಐ ಏರಿಸಬೇಕಾ, ಅವಧಿ ಎಳೀಬೇಕಾ, ಎರಡೂ ಸ್ವಲ್ಪ ಸ್ವಲ್ಪನಾ ಅಂತ ಸಾಲಗಾರರನ್ನ ಕೇಳ್ಬೇಕು ಅಂತ.

ಅಯ್ಯೋ, ಟೈಮ್ ಆಗೋಯ್ತು, ಎಡಿಟರ್ ಮುಖ ನೋಡೋಕಾಗ್ತಿಲ್ಲ. ಉಳಿದಿದ್ದು ಫಟಾಫಟ್. 2025ರಲ್ಲಿ ಆನೆ ನಿಜವಾಗ್ಲೂ ಕಾಡು ಸೇರ್ತು, ತರಕಾರಿ ಬೆಲೆ ಕುಸಿದು ಅಕ್ಟೋಬರ್‌ನಲ್ಲಿ ಹಣದುಬ್ಬರ ಬರೀ 0.25%, ಆ ವರ್ಷ ರೆಪೋ 4 ಸಲ ಇಳಿದು 5.25ಕ್ಕೆ ಬಂತು. ಸಾಲ ಇರೋರಿಗೆ ಹಬ್ಬ, ಎಫ್‌ಡಿ ಬಡ್ಡಿ ನೆಚ್ಚಿಕೊಂಡಿರೋ ರಿಟೈರ್ ಆದವರಿಗೆ ಉಲ್ಟಾ, ಇವರ ಇಎಂಐ ಹಗುರ ಆದ್ರೆ ಅವರ ಆದಾಯಕ್ಕೆ ಕತ್ತರಿ. 2019ಕ್ಕೂ ಮುಂಚೆ ಸಾಲ ತಗೊಂಡೋರು ನಿಮ್ಮದು ಇನ್ನೂ ಎಂಸಿಎಲ್‌ಆರ್‌ನಲ್ಲೇ, ಅಂದ್ರೆ ಬ್ಯಾಂಕ್ ತನ್ನ ಖರ್ಚು ನೋಡಿ ತಾನೇ ಹಾಕೋ ಹಳೇ ಬಡ್ಡಿ ಲೆಕ್ಕದಲ್ಲೇ ಇದೆಯಾ ನೋಡ್ಕೊಳ್ಳಿ, ಇದ್ರೆ ರೆಪೋಗೆ ಬದಲಾಯಿಸೋಕೆ ಎಷ್ಟು ಚಾರ್ಜ್ ಅಂತ ವಿಚಾರಿಸಿ. ರೂಪಾಯಿ, ಡಾಲರ್, ಚಿನ್ನ ಇವೆಲ್ಲ ಇನ್ನೊಂದು ವಿಡಿಯೋಗೆ ಆಗುವಷ್ಟಿದೆ, ಮಾಡ್ತೀನಿ. ಅಲ್ಲಿವರೆಗೆ ನಿಮ್ಮ ಲೋನ್ ಸ್ಟೇಟ್‌ಮೆಂಟ್ ತೆಗೀರಿ, ಇಎಂಐ ಕಾಲಂ ಬಿಡಿ, ಬಾಕಿ ಇರೋ ತಿಂಗಳು ಎಷ್ಟು ಅಂತ ನೋಡಿ, ಸೈನ್ ಮಾಡಿದಾಗ ಇದ್ದಿದ್ದಕ್ಕೂ ಈಗಿರೋದಕ್ಕೂ ಎಷ್ಟು ವ್ಯತ್ಯಾಸ ಅಂತ ಕಾಮೆಂಟ್‌ನಲ್ಲಿ ಹಾಕಿ, ಅಕೌಂಟ್ ನಂಬರ್ ಮಾತ್ರ ಹಾಕ್ಬೇಡಿ ಮಾರಾಯ್ರೇ.